ಹೆರ್ಮನ್ ಆನಂದರಾವ್ ಕೌಂಡಿನ್ಯರು

ನಮ್ಮ ಬಳ್ಳಾರಿಯ ಸೀಮೆಯಲ್ಲಿ ಬಹುಮಂದಿ ಬಾಲಿಕೆಯರು ಮನೆಯಲ್ಲಿ ತೆಲುಗನ್ನೂ ಬೀದಿಯಲ್ಲಿ ಕನ್ನಡವನ್ನೂ ಆಡಿ ಬೆಳೆಯುವರು. ಸಿರುಗುಪ್ಪದಿಂದಲೂ ಕುರುಗೋಡಿನಿಂದಲೂ ಮಕ್ಕಳನ್ನು ಕರೆತರುವ ತಂದೆತಾಯಿಗಳು, ಇನ್ನೊಂದು ಭಾಷೆಯ ಹೊರೆ ಬಿದ್ದರೆ ಇದ್ದ ಭಾಷೆಯೂ ಕೆಟ್ಟೀತೆಂದು ಅಂಜುವುದುಂಟು. ಅಂಥವರ ಸಮಾಧಾನಕ್ಕಾಗಿ ಕೌಂಡಿನ್ಯರ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ಹೇಳುವೆನು.

ಇವರು 1825ರಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣ ಕುಲದಲ್ಲಿ ಜನಿಸಿದರು. ಮನೆಯ ಕೊಂಕಣಿಯೂ ನಾಡಿನ ಕನ್ನಡವೂ ಬಾಲ್ಯದಿಂದಲೇ ಒದಗಿದವು. ಬಾಸೆಲ್ ಮಿಶನ್ನಿನ ಶಾಲೆಯಲ್ಲಿ ಹೆರ್ಮನ್ ಮೋಗ್ಲಿಂಗರ ಕೈಕೆಳಗೆ ಇಂಗ್ಲಿಷನ್ನು ಕಲಿತರು. 1844ರಲ್ಲಿ ದೀಕ್ಷಾಸ್ನಾನ ಹೊಂದಿ, ಗುರುವಿನ ಹೆಸರನ್ನು ತಮ್ಮ ಹೆಸರಿನ ಮುಂದೆ ಧರಿಸಿದರು. ಆಗ ಊರಿನಲ್ಲಿ ದೊಡ್ಡ ಗಲಭೆಯೆದ್ದಿತು. ಬಂಧುಬಳಗವು ಅವರನ್ನು ಅಗಲಿತು.

1846ರಲ್ಲಿ ಮೋಗ್ಲಿಂಗರೊಡನೆ ಯೂರೋಪಿಗೆ ಹೊರಟರು. ಸುಯೆಜ್ ಕಾಲುವೆ ತೆರೆಯುವುದಕ್ಕೆ ಇನ್ನೂ 23 ವರ್ಷಗಳಿದ್ದವು. ಬಾಸೆಲಿನ ಮಿಶನ್ ಸೆಮಿನರಿಯಲ್ಲಿ ಪಾಠವು ಜರ್ಮನ್ ಭಾಷೆಯಲ್ಲಿ ನಡೆಯುತ್ತಿತ್ತು. ಪುಸ್ತಕದ ಜರ್ಮನ್ ಒಂದಾದರೆ, ಆ ಊರಿನ ಬೀದಿಯ ಮಾತು ಇನ್ನೊಂದು. ಕನ್ನಡ ಬಲ್ಲವರಿಗೆ ಈ ಭಾಷೆಯಲ್ಲಿ ಅನುಕೂಲಗಳೂ ಉಂಟು, ತೊಡಕುಗಳೂ ಉಂಟು. ಇಂಗ್ಲಿಷು ಬಹುಮಟ್ಟಿಗೆ ಕಳೆದುಕೊಂಡ ವಿಭಕ್ತಿಗಳು ಜರ್ಮನಿನಲ್ಲಿ ನಾಲ್ಕು ಉಳಿದಿವೆ. ಅಧೀನ ವಾಕ್ಯದಲ್ಲಿ ಕ್ರಿಯಾಪದವು ನಮ್ಮಲ್ಲಿಯಂತೆಯೇ ಕೊನೆಗೆ ಬರುವುದು. ಆದರೆ ಅಲ್ಲಿ ಲಿಂಗಗಳು ಮೂರಾದರೂ ನಮ್ಮಂತೆ ಅರ್ಥವನ್ನು ಅನುಸರಿಸವು: ಸೂರ್ಯನು ಸ್ತ್ರೀಲಿಂಗ, ಚಂದ್ರನು ಪುಲ್ಲಿಂಗ, ಹುಡುಗಿಯೆಂಬ ಶಬ್ದವೋ ನಪುಂಸಕಲಿಂಗ! ಇದನ್ನು ಯುಕ್ತಿಯಿಂದ ಊಹಿಸಲಾಗದು. ಒಂದೊಂದು ಶಬ್ದವನ್ನೂ ಅದರ ಲಿಂಗದೊಡನೆಯೇ ಬಾಯಿಪಾಠ ಮಾಡಬೇಕು. ಸ್ವಜನರಿಲ್ಲದ ಚಳಿನಾಡಿನಲ್ಲಿ, ಪ್ರಾಯಕ್ಕೆ ಬಂದಮೇಲೆ, ಆ ಯುವಕರು ಇಂಥ ಭಾಷೆಯಲ್ಲಿ ಐದು ವರ್ಷ ವಿದ್ಯಾಭ್ಯಾಸ ಮಾಡಿದರು.

1851ರಲ್ಲಿ ಬೋಧಕದೀಕ್ಷೆ ಹೊಂದಿ ಮಂಗಳೂರಿಗೆ ಮರಳಿದರು. ಮುಂದೆ ಸೆಮಿನರಿಯಲ್ಲಿ ಉಪಾಧ್ಯಾಯರಾದರು. ಕೊಡಗಿನಲ್ಲಿ, ಅಸ್ಪೃಶ್ಯರೆಂದು ದೂರವಿಡಲ್ಪಟ್ಟ ಬಡವರಿಗಾಗಿ ಆನಂದಪುರದ ವಸತಿಯನ್ನು ಸ್ಥಾಪಿಸುವುದರಲ್ಲಿ ಗುರುವಿನೊಡನೆ ಶ್ರಮಿಸಿದರು. 1860ರಲ್ಲಿ ಜರ್ಮನ್ ಸ್ತ್ರೀಯೊಬ್ಬರನ್ನು ವಿವಾಹವಾದರು. 1893ರಲ್ಲಿ ದೈವಾಧೀನರಾದರು.

ಕಲಿತ ಭಾಷೆಯು ಅವರನ್ನು ಪರದೇಶಿಯನ್ನಾಗಿ ಮಾಡಲಿಲ್ಲ. ಬಾಸೆಲಿನಲ್ಲಿ ಪಡೆದ ವಿದ್ಯೆಯನ್ನು ಅವರು ಕನ್ನಡನಾಡಿಗೇ ತಂದು, ಇಲ್ಲಿಯವರ ನಡುವೆಯೇ ವ್ಯಯಮಾಡಿದರು. ಪೂರ್ವ ವಿದ್ಯಾರ್ಥಿನಿಯರೇ, ತಾಯಂದಿರೇ, ಮಗಳು ಮೂರನೆಯ ಭಾಷೆಯನ್ನು ಕಲಿಯಲೆಳಸಿದರೆ ತಡೆಯದಿರಿ. ಆದರೆ ಮನೆಮಾತಿನ ಒಂದು ಪುಟವನ್ನು ದಿನವೂ ಅವಳಿಂದ ಓದಿಸಿರಿ. ಬೇರು ಗಟ್ಟಿಯಾಗಿರುವ ಗಿಡಕ್ಕೆ ಇನ್ನೊಂದು ಕೊಂಬೆ ಭಾರವಾಗದು.