ಹೂವಿನ ಕೋಣೆಯಲ್ಲಿ ಹಾಕಿದ ಹಾಸಿಗೆ

ಬನಹಟ್ಟಿಯಲ್ಲಿ ಮಗ್ಗದ ಕೂಲಿ ಬಟವಾಡೆಯಾದ ಸಂಜೆ, ಮುಧೋಳದ ಕಡೆ ಕಬ್ಬಿನ ದುಡ್ಡು ಕೈಸೇರಿದ ದಿನ, ಬಾಗಿಲಿಗೆ ಕಣ್ಣಿಟ್ಟು ಕೂರುವ ತಾಯಂದಿರನ್ನು ನಾವು ಬಲ್ಲೆವು. ಕುಡಿತ ಬಿಡಬೇಕೆಂಬ ಮನಸ್ಸು ಆ ಮನೆಯ ಯಜಮಾನನಿಗೂ ಒಮ್ಮೊಮ್ಮೆ ಬರುತ್ತದೆ. ಆದರೆ ಜಮಖಂಡಿ, ಬೀಳಗಿಯಂಥ ಊರುಗಳಲ್ಲಿ ಎಲ್ಲರಿಗೂ ಎಲ್ಲರ ಪರಿಚಯ. ಸಹಾಯ ಕೇಳಲು ಹೋದರೆ ಯಾರಾದರೂ ನೋಡಿಯಾರೆಂಬ ನಾಚಿಕೆ ಕಾಲನ್ನು ಹಿಂದಕ್ಕೆಳೆಯುತ್ತದೆ. ಸಾರಾಯಿ ಅಂಗಡಿಗೆ ಹೋಗುವಾಗ ಮಾತ್ರ ಈ ನಾಚಿಕೆ ಇರುವುದಿಲ್ಲ! ಅದನ್ನು ಚೆನ್ನಾಗಿ ಅರಿತಿದ್ದ ಒಬ್ಬ ಧರ್ಮಭಗಿನಿಯ ಬಾಳಿನ ಕಥೆ ಇದು.

ಅವರ ಜನನ 1889ರಲ್ಲಿ, ಐರ್ಲೆಂಡಿನ ಮೇಯೋ ಸೀಮೆಯ ಬಡ ರೈತಾಪಿ ಮನೆಯಲ್ಲಿ. ಬ್ರಿಜೆಟ್ ಗ್ಯಾವಿನ್ ಎಂಬುದು ಮನೆಯ ಹೆಸರು. ಏಳು ವರ್ಷದ ಬಾಲಕಿಯಿದ್ದಾಗ ಕುಟುಂಬ ಅಮೆರಿಕಕ್ಕೆ ವಲಸೆ ಹೋಯಿತು. 1914ರಲ್ಲಿ ಕನ್ಯಾಮಠ ಸೇರಿ ಸಿಸ್ಟರ್ ಇಗ್ನೇಷಿಯಾ ಆದರು. ಮಕ್ಕಳಿಗೆ ಸಂಗೀತ ಕಲಿಸುತ್ತಿದ್ದ ಇವರು ದುಡಿಮೆಯ ಭಾರಕ್ಕೆ ಕುಗ್ಗಿ 1927ರಲ್ಲಿ ದೇಹ, ಮನಸ್ಸು ಎರಡರಿಂದಲೂ ಹಾಸಿಗೆ ಹಿಡಿದರು. ಸಂಗೀತ ಬಿಡದಿದ್ದರೆ ಜೀವ ಉಳಿಯದೆಂದು ವೈದ್ಯರು ಎಚ್ಚರಿಸಿದರು. ಮರುವರ್ಷ ಅವರನ್ನು ಓಹಾಯೋ ರಾಜ್ಯದ ಆಕ್ರಾನ್ ನಗರದ ಸಂತ ತೋಮಸರ ಆಸ್ಪತ್ರೆಯಲ್ಲಿ ರೋಗಿಗಳನ್ನು ದಾಖಲಿಸಿಕೊಳ್ಳುವ ಮೇಜಿಗೆ ಕೂರಿಸಲಾಯಿತು. ಹಗುರ ಕೆಲಸವೆಂದು ಕೊಟ್ಟದ್ದು ಅದು.

ಅದೇ ಊರಿನ ಶಸ್ತ್ರವೈದ್ಯ ಡಾ. ಬಾಬ್ ಸ್ಮಿತ್ ಕುಡಿತದಿಂದ ಹೆಸರು, ದುಡಿಮೆ ಎರಡನ್ನೂ ಕಳೆದುಕೊಳ್ಳುತ್ತಿದ್ದರು. 1935ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಬಿಲ್ ವಿಲ್ಸನ್ ವ್ಯಾಪಾರದ ಕೆಲಸಕ್ಕೆ ಅಲ್ಲಿಗೆ ಬಂದರು. ಅವರು ಕುಡಿತ ಬಿಟ್ಟು ಐದು ತಿಂಗಳಾಗಿತ್ತು. ಬಂದ ಕೆಲಸ ಕೆಟ್ಟಿತು. ತಂಗಿದ್ದ ಹೋಟೆಲಿನಲ್ಲಿ ಒಂದು ಕಡೆ ಬಾರು, ಇನ್ನೊಂದು ಕಡೆ ಟೆಲಿಫೋನು. ಅವರು ಫೋನಿನ ಕಡೆಗೆ ನಡೆದು, ಅಲ್ಲಿದ್ದ ಚರ್ಚುಗಳ ಪಟ್ಟಿ ನೋಡಿ ಒಬ್ಬ ಪಾದ್ರಿಗೆ ಕರೆಮಾಡಿದರು. ಕೇಳಿದ್ದು ಇಷ್ಟೇ: ತನ್ನಂಥ ಇನ್ನೊಬ್ಬ ಕುಡುಕನೊಡನೆ ಮಾತಾಡಬೇಕು. ಒಬ್ಬರಿಂದ ಒಬ್ಬರಿಗೆ ಕರೆಮಾಡುತ್ತ ಹೋಗಿ ಕೊನೆಗೆ ಡಾ. ಬಾಬ್ ಸಿಕ್ಕರು. ಹದಿನೈದು ನಿಮಿಷ ಮಾತ್ರ ಎಂದು ಬಂದ ಡಾಕ್ಟರು ರಾತ್ರಿಯವರೆಗೂ ಕುಳಿತರು. ಅವರು ಕೊನೆಯದಾಗಿ ಕುಡಿದ ದಿನ 1935ರ ಜೂನ್ 10. ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಎಂಬ ಕೂಟ ಅದನ್ನೇ ತನ್ನ ಹುಟ್ಟುದಿನವೆಂದು ಎಣಿಸುತ್ತದೆ.

ಆಗ ಆಸ್ಪತ್ರೆಗಳು ಕುಡುಕರನ್ನು ಒಳಗೆ ಬಿಡುತ್ತಿರಲಿಲ್ಲ. ಗಲಾಟೆ ಮಾಡುತ್ತಾರೆ, ಹಣ ಕಟ್ಟುವುದಿಲ್ಲ ಎಂಬುದು ದೂರು. 1939ರ ಆಗಸ್ಟಿನಲ್ಲಿ ಡಾ. ಬಾಬ್ ಒಬ್ಬ ರೋಗಿಗಾಗಿ ಸಿಸ್ಟರ್ ಬಳಿ ಬೇಡಿಕೊಂಡರು. ಸಿಸ್ಟರ್ ಜಠರದ ಉರಿಯೂತ ಎಂದು ಬರೆದು ಆತನನ್ನು ಸೇರಿಸಿಕೊಂಡರು. ಸುಳ್ಳಲ್ಲವೇ ಎನ್ನುವವರುಂಟು, ಕುಡುಕರ ಹೊಟ್ಟೆ ಉರಿಯದೆ ಇರುತ್ತದೆಯೇ? ಮರುದಿನ ಡಾಕ್ಟರು, ರೋಗಿಯನ್ನು ನೋಡಲು ಕೆಲವರು ಬರುತ್ತಾರೆ, ಗುಟ್ಟಾಗಿ ಮಾತಾಡಲು ಜಾಗ ಬೇಕೆಂದರು. ಬೇರೆ ಕೋಣೆ ಖಾಲಿಯಿರಲಿಲ್ಲ. ರೋಗಿಗಳಿಗೆ ಬಂದ ಹೂವುಗಳನ್ನು ಜೋಡಿಸಿಡುವ ಚಿಕ್ಕ ಕೋಣೆಯೊಂದಿತ್ತು. ಸಿಸ್ಟರ್ ಹಾಸಿಗೆಯನ್ನು ಅದರೊಳಕ್ಕೆ ತಳ್ಳಿಸಿದರು. ನೋಡಲು ಬಂದವರು ಬಂಧುಗಳಲ್ಲ, ಕುಡಿತ ಬಿಟ್ಟವರು. ತಾವು ಬಿದ್ದದ್ದು, ಎದ್ದದ್ದು ಹೇಳಿಹೋದರು. ಮುಂದೆ ಅದಕ್ಕಾಗಿಯೇ ಒಂದು ವಾರ್ಡು ಆಯಿತು. ಐದು ದಿನದ ವಾಸ. ಡಾ. ಬಾಬ್ 1950ರಲ್ಲಿ ತೀರಿಕೊಳ್ಳುವ ಹೊತ್ತಿಗೆ 5000ದಷ್ಟು ಮಂದಿಗೆ ಅವರಿಬ್ಬರೂ ಆರೈಕೆ ಮಾಡಿದ್ದರು. ಡಾಕ್ಟರು ಅದಕ್ಕೆ ಶುಲ್ಕ ತೆಗೆದುಕೊಂಡವರಲ್ಲ.

ಮನೆಗೆ ಹೊರಟವರ ಕೈಗೆ ಸಿಸ್ಟರ್ ಯೇಸುವಿನ ಪವಿತ್ರ ಹೃದಯದ ಪುಟ್ಟ ಬ್ಯಾಡ್ಜ್ ಕೊಡುತ್ತಿದ್ದರು. ಒಂದೇ ಕರಾರು: ಮತ್ತೆ ಕುಡಿಯುವುದಾದರೆ, ಮೊದಲ ಗುಟುಕಿಗೂ ಮುಂಚೆ ಅದನ್ನು ತಾನೇ ತಂದು ಅವರಿಗೆ ಹಿಂದಿರುಗಿಸಬೇಕು.

ಭಾರತದಲ್ಲಿ ಈ ಕೂಟ 1957ರಿಂದ ನಡೆದುಬಂದಿದೆ. ಸಭೆಯಲ್ಲಿ ಊರು, ಮನೆತನ ಕೇಳುವುದಿಲ್ಲ. ಬರೀ ಹೆಸರು ಸಾಕು. ಚಂದಾ ಇಲ್ಲ. ಮೊದಲ ದಿನ ಸುಮ್ಮನೆ ಕೂತು ಕೇಳಿ ಬಂದರೂ ಆಯಿತು. ಕುಡಿತ ಬಿಡುವ ಆಸೆಯೊಂದಿದ್ದರೆ ಸಾಕು, ಯಾವ ಧರ್ಮದವರಾದರೂ ಸರಿ. ಮನೆಯವರಿಗಾಗಿ ‘ಅಲ್-ಅನಾನ್’ ಎಂಬ ಬೇರೆ ಕೂಟವನ್ನು ಬಿಲ್ ಅವರ ಪತ್ನಿ ಲೋಯಿಸ್ 1951ರಲ್ಲಿ ಕಟ್ಟಿದರು. ನಮ್ಮ ಭಾಗದವರು ಹತ್ತಿರದ ಸಭೆ ಎಲ್ಲಿದೆಯೆಂದು ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನೋ ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆಯನ್ನೋ ವಿಚಾರಿಸಬಹುದು. ಕೇಂದ್ರ ಸರಕಾರದ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಹಣ ತಗಲುವುದಿಲ್ಲ. ನಿಮ್ಮ ಧರ್ಮಕೇಂದ್ರದ ಗುರುಗಳನ್ನೂ ಕೇಳಿ. ಒಂದು ಎಚ್ಚರಿಕೆ: ವರ್ಷಗಟ್ಟಲೆ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್, ಭ್ರಮೆ ಬಂದು ಜೀವಕ್ಕೇ ಕುತ್ತಾಗಬಹುದು. ಮೊದಲು ವೈದ್ಯರಿಗೆ ತೋರಿಸಿ.

1952ರಲ್ಲಿ ಸಿಸ್ಟರ್ ಇಗ್ನೇಷಿಯಾರನ್ನು ಕ್ಲೀವ್‌ಲ್ಯಾಂಡಿನ ಸಂತ ವಿನ್ಸೆಂಟ್ ಆಸ್ಪತ್ರೆಗೆ ವರ್ಗ ಮಾಡಿದರು. ಅಲ್ಲಿ ಅವರು ತೆರೆದ ಹೊಸ ವಾರ್ಡಿಗೆ ‘ರೋಸರಿ ಹಾಲ್ ಸೋಲೇರಿಯಂ’ ಎಂದು ಹೆಸರಿಟ್ಟರು. ನೋಡುವವರಿಗೆ ಅದು ಜಪಮಾಲೆಯ ಹೆಸರು. ಮೊದಲಕ್ಷರಗಳನ್ನು ಕೂಡಿಸಿದವರಿಗೆ ಆರ್.ಎಚ್.ಎಸ್., ರಾಬರ್ಟ್ ಹೋಲ್‌ಬ್ರುಕ್ ಸ್ಮಿತ್, ಅಂದರೆ ಡಾ. ಬಾಬ್. 1966ರ ಏಪ್ರಿಲ್ 1ರಂದು ಸಿಸ್ಟರ್ ದೈವಾಧೀನರಾದಾಗ ಆ ವಾರ್ಡಿನ ಬಾಗಿಲು ತೆರೆದೇ ಇತ್ತು.