ಗೆದ್ದರೂ ಪಟ್ಟ ಕಟ್ಟಿಕೊಳ್ಳದ ಕಂಠೀರವ

ಕಾಪು, ಕಾರ್ಕಳ ಕಡೆ ಗರಡಿ ಅಂದ್ರೆ ಕೋಟಿ-ಚೆನ್ನಯರ ನೆನಪು. ಘಟ್ಟದ ಮೇಲೆ ಗರಡಿ ಅಂದ್ರೆ ಕುಸ್ತಿ. ಮೈಸೂರು ದಸರಾ ಕುಸ್ತಿಯಲ್ಲಿ ಗೆದ್ದ ಪೈಲ್ವಾನನಿಗೆ ಸಿಗುವ ‘ದಸರಾ ಕಂಠೀರವ’ ಬಿರುದು ಕೇಳಿದ್ರೆ ನೆನಪಾಗುವವರು ರಣಧೀರ ಕಂಠೀರವ ನರಸರಾಜ ಒಡೆಯರ್.

1638ರಲ್ಲಿ ಪಟ್ಟವೇರುವ ಮೊದಲಿನ ಕಥೆ ಇದು. ತಿರುಚಿನಾಪಳ್ಳಿಯಲ್ಲಿ ಸೋಲೇ ಕಾಣದ ಜಟ್ಟಿಯೊಬ್ಬ ತನ್ನ ಚಲ್ಲಣವನ್ನು ಊರ ಬಾಗಿಲಿಗೆ ತೂಗುಹಾಕಿದ್ದನಂತೆ. ಅದರಡಿ ನುಸುಳಿದವರೆಲ್ಲ ಸೋಲು ಒಪ್ಪಿಕೊಂಡ ಲೆಕ್ಕ. ಪಾಪ, ಸಂತೆಗೆ ಬಂದ ವ್ಯಾಪಾರಿಗೂ ಬೇರೆ ದಾರಿ ಇಲ್ಲ! ತೆರಕಣಾಂಬಿಯಲ್ಲಿದ್ದ ನರಸರಾಜರ ಕಿವಿಗೆ ಇದು ಬಿತ್ತು. ವೇಷ ಮರೆಸಿ ಹೋದರು. ಚಲ್ಲಣದಡಿ ನುಸುಳೋಕೆ ಒಪ್ಪಲಿಲ್ಲ. ಕಾಳಗ ನಡೆದು ಜಟ್ಟಿ ಸತ್ತ, ಅವನ ಪಟ್ಟವೂ ಅಲ್ಲಿಗೆ ಮುಗೀತು. ಗೆದ್ದವರು ಉಡುಗೊರೆಗೂ ಕಾಯದೆ ಊರು ಬಿಟ್ಟಿದ್ದರು.

ರಾಜರಾದ ಕೆಲವೇ ತಿಂಗಳಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಬಿಜಾಪುರದ ರಣದುಲ್ಲಾ ಖಾನನ ಸೈನ್ಯವನ್ನು ಹಿಮ್ಮೆಟ್ಟಿಸಿದರು. ಟಂಕಸಾಲೆ ತೆರೆದು ಚಿನ್ನದ ಪುಟಾಣಿ ಕಂಠೀರಾಯಿ ಹಣ ಹೊಡೆಸಿದರು. 10 ಹಣಕ್ಕೆ ಒಂದು ಕಂಠೀರಾಯಿ ವರಹ. ಆದ್ರೆ ವರಹದ ನಾಣ್ಯ ಮಾತ್ರ ಇಲ್ಲ, ಬರೀ ಪುಸ್ತಕದ ಲೆಕ್ಕ. ಒಡೆಯರ್ 1659ರಲ್ಲಿ ತೀರಿಕೊಂಡರು. 1799ರಲ್ಲಿ ಟಿಪ್ಪುವಿನ ರಾಜ್ಯ ಹಂಚಿದಾಗಲೂ ಆದಾಯ ಬರೆದದ್ದು ಇದೇ ವರಹದ ಲೆಕ್ಕದಲ್ಲಿ.