ಪ್ಲೇಗ್ ಕಾಲದ ದಿವಾನರು: ಬಸವನಗುಡಿ ಬೆಳೆದ ಕಥೆ

ಜಯನಗರದ ಪಕ್ಕದ ಬಸವನಗುಡಿಯ ಅಗಲ ರಸ್ತೆಗಳಿಗೂ ಪ್ಲೇಗಿಗೂ ನಂಟಿದೆ.

1898ರ ಆಗಸ್ಟ್‌ನಲ್ಲಿ ಹುಬ್ಬಳ್ಳಿ ಕಡೆಯ ರೈಲಿನಿಂದ ಬೆಂಗಳೂರಿಗೆ ಪ್ಲೇಗ್ ಬಂತು. ಆಗ ಮೈಸೂರಿನ ದಿವಾನರು ಕೆ. ಶೇಷಾದ್ರಿ ಅಯ್ಯರ್. 1883ರಿಂದ ಅಧಿಕಾರದಲ್ಲಿದ್ದವರು, ಊರಿಗೆ ಹೆಸರಘಟ್ಟದ ನೀರು ತಂದವರು.

ಮಹಾರಾಜರು ಇನ್ನೂ ಚಿಕ್ಕವರು, ರಾಜ್ಯ ನೋಡಿಕೊಳ್ಳುತ್ತಿದ್ದವರು ಮಹಾರಾಣಿ. ಪೇಟೆ ಮೈಸೂರಿನದು, ದಂಡು ಬ್ರಿಟಿಷರದು. ಡಾಕ್ಟರುಗಳಿಗೆ ರೋಗಿಗಳನ್ನು ಬೇರೆ ಇಡಬೇಕು, ಮನೆಯವರಿಗೆ ಕ್ಯಾಂಪ್ ಅಂದ್ರೆ ಭಯ, ಅಂಗಡಿಯವರಿಗೆ ವ್ಯಾಪಾರದ ಚಿಂತೆ. ದಿವಾನರು ಎಲ್ಲರನ್ನೂ ಸಂಭಾಳಿಸಬೇಕಿತ್ತು.

ಇಕ್ಕಟ್ಟಿನ ಪೇಟೆ ಬಿಟ್ಟು ಬರೋರಿಗೆ ಜಾಗ ಬೇಕು. ಹಾಗಾಗಿ ಸರ್ಕಾರ ದಕ್ಷಿಣಕ್ಕೆ ಬಸವನಗುಡಿ, ಇನ್ನೊಂದು ಕಡೆ ಮಲ್ಲೇಶ್ವರ ಬಡಾವಣೆಗಳನ್ನು ಬೆಳೆಸಿತು. ಗಾಳಿ, ಬೆಳಕು, ಅಗಲ ರಸ್ತೆ ಸಿಕ್ಕಿತು.

1901ರಲ್ಲಿ ದಿವಾನಗಿರಿ ಬಿಟ್ಟ ಅಯ್ಯರ್ ಅದೇ ವರ್ಷ ತೀರಿಕೊಂಡರು. ಶೇಷಾದ್ರಿಪುರಂ ಅವರ ಹೆಸರಿನದೇ.